ಟಿ ಕೋಶದ ವಿದ್ಯಾಭ್ಯಾಸ

ನಮ್ಮ ಮಕ್ಕಳ ಜೀವಶಾಸ್ತ್ರದ ಪುಸ್ತಕದಲ್ಲಿ ಥೈಮಸ್ ಗ್ರಂಥಿಗೆ ದೊರೆತಿರುವ ಸ್ಥಳ ಕೆಲವೇ ಸಾಲುಗಳದು. ಎದೆಯ ನಡುವಿನ ಎಲುಬಿನ ಹಿಂದೆ, ಹೃದಯದ ಮೇಲ್ಭಾಗಕ್ಕೆ ಆತುಕೊಂಡು ಅದು ಇದೆ. ಶೈಶವದಲ್ಲಿ ಚುರುಕಾಗಿದ್ದು ಹರೆಯ ಬಂದ ಮೇಲೆ ಕುಗ್ಗುತ್ತದೆ. ಟಿ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು ಅಲ್ಲಿ ಪಕ್ವಗೊಳ್ಳುತ್ತವೆ. ಪರೀಕ್ಷೆಯಲ್ಲಿ ಅಂಕ ಪಡೆಯಲು ಇಷ್ಟು ಸಾಲುತ್ತದೆ. ಆದರೆ ‘ಪಕ್ವಗೊಳ್ಳುತ್ತವೆ’ ಎಂಬ ಆ ಒಂದು ಕ್ರಿಯಾಪದದ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯಲು ಪ್ರಪಂಚದ ಪ್ರಯೋಗಾಲಯಗಳು ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ದುಡಿಯುತ್ತಿವೆ. 2025ರ ವೈದ್ಯಕೀಯ ನೊಬೆಲ್ ಬಹುಮಾನವೂ ಇದೇ ಕಥೆಯ ಒಂದು ಅಧ್ಯಾಯಕ್ಕೆ ಸಂದಿತು. ಈ ವಾರದ ಅಂಕಣ ಆ ಕ್ರಿಯಾಪದಕ್ಕೆ ಮೀಸಲು.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಕೋವಿಡ್ ಬಂದುಹೋದ ಮೇಲೆ ‘ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವ’ ಪುಡಿ, ಪಾನಕ, ಮಾತ್ರೆಗಳ ಜಾಹೀರಾತು ಕಾಣದ ಅಂಗಡಿಯೇ ಇಲ್ಲವಾಗಿದೆ. ತಾಯಂದಿರು ಹಾಲಿಗೆ ಬೆರೆಸಿ ಮಕ್ಕಳಿಗೆ ಕುಡಿಸುತ್ತಿದ್ದಾರೆ. ಈ ಜಾಹೀರಾತುಗಳ ಹಿಂದಿರುವ ಕಲ್ಪನೆ ಸರಳವಾದುದು: ಪ್ರತಿರಕ್ಷೆ ಎಂದರೆ ತೊಟ್ಟಿಯೊಳಗಿನ ನೀರು, ತುಂಬಿದಷ್ಟೂ ಒಳ್ಳೆಯದು. ಥೈಮಸ್ಸಿನೊಳಗೆ ಒಮ್ಮೆ ಇಣುಕಿದರೆ ಈ ಕಲ್ಪನೆ ನಿಲ್ಲುವುದಿಲ್ಲ. ನೆಲಗಡಲೆ ಉಂಡೆಗೆ ಬೆಲ್ಲದ ಪಾಕ ತೆಗೆದವರಿಗೆ ಗೊತ್ತು. ಪಾಕ ಎಳೆಯದಾದರೆ ಉಂಡೆ ನಿಲ್ಲದು, ಏರಿದರೆ ಕಲ್ಲಾಗುತ್ತದೆ. ಟಿ ಕೋಶದ ಬದುಕೂ ಅಂಥದೇ ಹದದ ಮೇಲೆ ನಿಂತಿದೆ.

ಮೊದಲು ಸ್ವಲ್ಪ ಇತಿಹಾಸ. ಥೈಮಸ್ಸಿಗೆ ಏನು ಕೆಲಸವೆಂಬುದು 1961ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಲಂಡನ್ನಿನಲ್ಲಿ ಇಲಿಗಳ ರಕ್ತದ ಕ್ಯಾನ್ಸರ್ ಕುರಿತು ಅಧ್ಯಯನ ಮಾಡುತ್ತಿದ್ದ ಜಾಕ್ ಮಿಲ್ಲರ್ ಎಂಬ ಯುವ ಸಂಶೋಧಕರು ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ಸನ್ನು ತೆಗೆದುಹಾಕಿದರು. ಮರಿಗಳು ಕೆಲವು ವಾರ ಚೆನ್ನಾಗಿದ್ದು, ಆಮೇಲೆ ಸೊರಗಿ, ಸೋಂಕುಗಳಿಗೆ ತುತ್ತಾಗಿ ಸತ್ತವು. ಇನ್ನೂ ಆಶ್ಚರ್ಯವೆಂದರೆ, ಬೇರೆ ತಳಿಯ ಇಲಿಯ ಚರ್ಮವನ್ನು ಅವುಗಳ ಮೈಗೆ ಕಸಿ ಮಾಡಿದರೆ ಅದು ಉದುರಲೇ ಇಲ್ಲ. ಪರಕೀಯವನ್ನು ಗುರುತಿಸುವ ಸಾಮರ್ಥ್ಯವೇ ಆ ಮರಿಗಳಿಗೆ ಬಂದಿರಲಿಲ್ಲ. ಆ ಕಾಲದ ಹಿರಿಯ ವಿಜ್ಞಾನಿಗಳು, ನೊಬೆಲ್ ಪಡೆದ ಪೀಟರ್ ಮೆಡಾವರ್ ಅವರನ್ನೂ ಸೇರಿಸಿ, ಇದನ್ನು ಸುಲಭವಾಗಿ ಒಪ್ಪಲಿಲ್ಲ. ಥೈಮಸ್ಸಿನಲ್ಲಿ ತುಂಬಿಕೊಂಡಿರುವ ಕಣಗಳಿಗೆ ಹೆಚ್ಚಿನ ಮಹತ್ವವಿಲ್ಲವೆಂದೇ ಅವರು ಭಾವಿಸಿದ್ದರು. ಮುಂದೆ ಆ ಕಣಗಳಿಗೆ ಥೈಮಸ್ ಎಂಬ ಹೆಸರಿನ ಮೊದಲ ಅಕ್ಷರವೇ ಹೆಸರಾಯಿತು. ಟಿ ಕೋಶ ಎನ್ನುವುದು ಹಾಗೆ ಬಂದದ್ದು.

ಟಿ ಕೋಶಗಳು ಹುಟ್ಟುವುದು ಥೈಮಸ್ಸಿನಲ್ಲಲ್ಲ. ಅವುಗಳ ಪೂರ್ವಜ ಕೋಶಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ ರಕ್ತದ ಮೂಲಕ ಪ್ರಯಾಣ ಮಾಡಿ ಇಲ್ಲಿಗೆ ಬರುತ್ತವೆ. ಬರುವಾಗ ಅವು ಇನ್ನೂ ಏನೂ ಆಗಿರುವುದಿಲ್ಲ. ಇಲ್ಲಿ ಅವುಗಳಿಗೆ ಪಾಠ ಹೇಳುವುದು ಸಂಜ್ಞೆಗಳು. ಈ ಪದವನ್ನು ಸ್ವಲ್ಪ ವಿವರಿಸಬೇಕು.

ಕೋಶವೊಂದರ ಹೊರಪೊರೆಯ ಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳು ಚಾಚಿಕೊಂಡಿರುತ್ತವೆ. ಹೊರಗಿನಿಂದ ತಕ್ಕ ಅಣುವೊಂದು ಬಂದು ಗ್ರಾಹಕಕ್ಕೆ ಕೂಡಿಕೊಂಡರೆ ಗ್ರಾಹಕದ ಒಳತುದಿಯಲ್ಲಿ ಬದಲಾವಣೆಯಾಗುತ್ತದೆ. ಅದು ಪಕ್ಕದ ಪ್ರೋಟೀನನ್ನು ಎಚ್ಚರಿಸುತ್ತದೆ, ಅದು ಮತ್ತೊಂದನ್ನು, ಹೀಗೆ ಸುದ್ದಿ ಕೈಯಿಂದ ಕೈಗೆ ದಾಟಿ ಕೋಶಕೇಂದ್ರವನ್ನು ಮುಟ್ಟಿ, ಅಲ್ಲಿ ಕೆಲವು ಜೀನುಗಳನ್ನು ತೆರೆಯುತ್ತದೆ, ಕೆಲವನ್ನು ಮುಚ್ಚುತ್ತದೆ. ಈ ದಾರಿಯೇ ಸಂಜ್ಞಾಪಥ. ಇದರಲ್ಲಿ ಮಾತಿಲ್ಲ, ಅರ್ಥವನ್ನು ಹೇಳುವವರಿಲ್ಲ. ಶಾಲೆಯ ಗಂಟೆಯನ್ನು ನೆನೆದುಕೊಳ್ಳಿ. ಗಂಟೆ ಒಂದೇ, ನಾದವೂ ಒಂದೇ. ಒಂದು ಪೆಟ್ಟು ಬಿದ್ದರೆ ಪಿರಿಯಡ್ ಮುಗಿಯಿತೆಂದು ಅರ್ಥ; ಬಿಡದೆ ಬಾರಿಸಿದರೆ ಮಕ್ಕಳು ಚೀಲವನ್ನು ಹೆಗಲಿಗೇರಿಸಿಕೊಂಡು ಮನೆಗೆ ಓಡುತ್ತಾರೆ. ಎಷ್ಟು ಜೋರು, ಎಷ್ಟು ಹೊತ್ತು ಎಂಬುದರಲ್ಲೇ ಅರ್ಥವೆಲ್ಲ ಇದೆ. ಥೈಮಸ್ಸಿನ ಗಂಟೆಗಳೂ ಹೀಗೆಯೇ ಬಾರಿಸುತ್ತವೆ.

ಮೊದಲನೆಯ ಗಂಟೆಯ ಹೆಸರು ನಾಚ್. ಇಂಗ್ಲಿಷಿನಲ್ಲಿ ಈ ಪದಕ್ಕೆ ಅಂಚಿನಲ್ಲಿ ಕತ್ತರಿಸಿದ ಕಚ್ಚು ಎಂದು ಅರ್ಥ. ಪ್ರತಿರಕ್ಷೆಗೂ ಕಚ್ಚಿಗೂ ಏನು ಸಂಬಂಧವೆಂದರೆ, ಹೆಸರು ಬಂದದ್ದು ಹಣ್ಣಿನ ನೊಣದಿಂದ. ಬಾಳೆಹಣ್ಣು ಕಳಿತರೆ ಸುತ್ತಲೂ ಹಾರಾಡುವ ಆ ಪುಟ್ಟ ನೊಣಗಳನ್ನು ಸಾಕಿ ಅನುವಂಶೀಯತೆಯ ನಿಯಮಗಳನ್ನು ಅಭ್ಯಸಿಸಿದ ಅಮೆರಿಕದ ಥಾಮಸ್ ಹಂಟ್ ಮಾರ್ಗನ್ ಅವರ ಬಳಗದವರು 1910ರ ದಶಕದಲ್ಲಿ ರೆಕ್ಕೆಯ ಅಂಚು ಕಚ್ಚಾಗಿರುವ ಕೆಲವು ನೊಣಗಳನ್ನು ಕಂಡರು. ಆ ದೋಷಕ್ಕೆ ಕಾರಣವಾದ ಜೀನಿಗೆ ಅದೇ ಹೆಸರು ಉಳಿಯಿತು. ನೊಣದ ರೆಕ್ಕೆಯನ್ನು ಅಳೆಯುತ್ತ ಕುಳಿತವರನ್ನು ಕಂಡು ಅಂದಿನವರು ನಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಅದೇ ಜೀನಿನ ಒಡಹುಟ್ಟುಗಳು ಮನುಷ್ಯನಲ್ಲೂ ಇವೆ, ನಾಲ್ಕು ಇವೆ. ಅವುಗಳಲ್ಲಿ ಮೊದಲನೆಯದಿಲ್ಲದೆ ನಮಗೆ ಟಿ ಕೋಶವೇ ಇಲ್ಲ.

ನಾಚ್ ಕೆಲಸ ಮಾಡುವ ಬಗೆ ವಿಶಿಷ್ಟವಾದುದು. ಥೈಮಸ್ಸಿನ ಒಳಗೋಡೆಯ ಕೋಶಗಳು ತಮ್ಮ ಮೈಮೇಲೆ ಒಂದು ಪ್ರೋಟೀನನ್ನು ಹೊತ್ತಿರುತ್ತವೆ. ಹೊಸದಾಗಿ ಬಂದ ಕೋಶ ಅದರ ಪಕ್ಕಕ್ಕೆ ಬಂದಾಗ ಅದರ ನಾಚ್ ಗ್ರಾಹಕ ಈ ಪ್ರೋಟೀನಿಗೆ ಸಿಕ್ಕಿಕೊಳ್ಳುತ್ತದೆ. ಎರಡು ಕೋಶಗಳ ನಡುವೆ ಎಳೆದಾಟ ನಡೆಯುತ್ತದೆ. ಎಳೆತಕ್ಕೆ ಗ್ರಾಹಕ ಬಿಗಿದು, ಅದುವರೆಗೆ ಅಡಗಿದ್ದ ಒಂದು ಜಾಗ ಬಯಲಾಗುತ್ತದೆ. ಅಲ್ಲಿ ಕಿಣ್ವಗಳು ಅದನ್ನು ಕತ್ತರಿಸುತ್ತವೆ. ಕತ್ತರಿಸಿ ಬಿದ್ದ ಒಳತುಂಡು ನೇರವಾಗಿ ಕೋಶಕೇಂದ್ರಕ್ಕೆ ಹೋಗಿ ಜೀನುಗಳ ಮೇಲೆ ಕೂರುತ್ತದೆ. ನಡುವೆ ದೂತರಿಲ್ಲ, ಗ್ರಾಹಕವೇ ಓಲೆಯೂ ಆಗುತ್ತದೆ. ಒಮ್ಮೆ ತುಂಡಾದ ಗ್ರಾಹಕವನ್ನು ಮತ್ತೆ ಬಳಸುವಂತಿಲ್ಲವಾದುದರಿಂದ ಗಂಟೆ ಎಷ್ಟು ಸಲ ಬಾರಿಸಿತೆಂಬ ಲೆಕ್ಕವೂ ತಾನಾಗಿ ಉಳಿಯುತ್ತದೆ.

1999ರಲ್ಲಿ ಎರಡು ಪ್ರಯೋಗಗಳು ಈ ಗಂಟೆಯ ಬೆಲೆಯನ್ನು ತೋರಿಸಿಕೊಟ್ಟವು. ಇಲಿಗಳಲ್ಲಿ ನಾಚ್-1 ಜೀನನ್ನು ಕೆಲಸ ಮಾಡದಂತೆ ಮಾಡಿದಾಗ ಟಿ ಕೋಶಗಳ ಬೆಳವಣಿಗೆ ಮೊದಲ ಮೆಟ್ಟಿಲಲ್ಲೇ ನಿಂತಿತು. ಥೈಮಸ್ಸಿನೊಳಗೆ ಬಿ ಕೋಶಗಳು ಕಾಣಿಸಿಕೊಂಡವು. ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುವ ಇನ್ನೊಂದು ಕುಲದವು. ಅವು ಬೆಳೆಯಬೇಕಾದದ್ದು ಅಸ್ಥಿಮಜ್ಜೆಯಲ್ಲಿ. ಇನ್ನೊಂದು ತಂಡ ಇದನ್ನೇ ತಿರುಗಿಸಿ ನೋಡಿತು. ಅಸ್ಥಿಮಜ್ಜೆಯಲ್ಲೇ ನಾಚ್ ಗಂಟೆ ಬಾರಿಸುತ್ತಲೇ ಇರುವಂತೆ ಮಾಡಿದಾಗ ಬಿ ಕೋಶಗಳು ಬೆಳೆಯಬೇಕಾದ ಜಾಗದಲ್ಲಿ ಟಿ ಕೋಶಗಳು ಬೆಳೆದವು. ಅಂದರೆ ಒಳಬಂದ ಕೋಶ ಯಾವ ಕುಲಕ್ಕೆ ಸೇರಬೇಕೆಂಬ ತೀರ್ಮಾನ ಈ ಒಂದು ಸಂಜ್ಞೆಯಲ್ಲಿದೆ. ಹಾಗೆಂದು ಗಂಟೆ ನಿಲ್ಲದೆ ಹೊಡೆಯುತ್ತಿದ್ದರೆ? ಟಿ ಕೋಶಗಳ ರಕ್ತದ ಕ್ಯಾನ್ಸರ್ ಬಂದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಾಚ್-1 ಜೀನಿನಲ್ಲಿ ಅದನ್ನು ಸದಾ ಎಚ್ಚರವಾಗಿಡುವ ಬದಲಾವಣೆ ಇರುತ್ತದೆಂದು 2004ರಲ್ಲಿ ತಿಳಿದುಬಂತು. ಕುಲವನ್ನು ಕಟ್ಟಿದ ಸಂಜ್ಞೆಯೇ ಅಳತೆ ಮೀರಿದಾಗ ಕುಲವನ್ನು ಕೆಡಿಸಿತು.

ಎರಡನೆಯ ಸಂಜ್ಞೆ ಅನ್ನ ಹಾಕುವಂಥದು. ಥೈಮಸ್ಸಿನ ಕೋಶಗಳು ಇಂಟರ್‌ಲ್ಯೂಕಿನ್-7 ಎಂಬ ಅಣುವನ್ನು ಸುತ್ತಲೂ ಬಿಡುತ್ತವೆ. ಎಳೆಯ ಟಿ ಕೋಶಗಳು ಅದನ್ನು ಹಿಡಿದುಕೊಂಡು ಬದುಕುತ್ತವೆ, ಸಂಖ್ಯೆಯಲ್ಲಿ ಬೆಳೆಯುತ್ತವೆ. ಹಿಡಿಯುವ ಗ್ರಾಹಕಕ್ಕೆ ಎರಡು ಭಾಗಗಳಿವೆ. ಅವುಗಳಲ್ಲಿ ಗಾಮಾ ಸರಪಳಿ ಎಂಬ ಭಾಗವನ್ನು ಇದೇ ಜಾತಿಯ ಇನ್ನೂ ಐದು ಗ್ರಾಹಕಗಳು ಹಂಚಿಕೊಂಡಿವೆ. ಗಾಮಾ ಸರಪಳಿಯ ಒಳತುದಿಗೆ ಜ್ಯಾಕ್-3 ಎಂಬ ಕಿಣ್ವ ಅಂಟಿಕೊಂಡಿದ್ದು ಸುದ್ದಿಯನ್ನು ಮುಂದಕ್ಕೆ ಸಾಗಿಸುತ್ತದೆ. ಇಷ್ಟೇ ದಾರಿ. ಈ ದಾರಿಯಲ್ಲಿ ಒಂದು ಕೊಂಡಿ ಕಳಚಿದರೆ ಏನಾಗುತ್ತದೆಂಬುದನ್ನು ಅಮೆರಿಕದ ಹೂಸ್ಟನ್ ನಗರದ ಒಂದು ಮಗು ಇಡೀ ಜಗತ್ತಿಗೆ ತೋರಿಸಿತು.

ಡೇವಿಡ್ ವೆಟರ್ ಹುಟ್ಟಿದ್ದು 1971ರ ಸೆಪ್ಟೆಂಬರಿನಲ್ಲಿ. ಅವನಿಗಿಂತ ಮೊದಲು ಹುಟ್ಟಿದ ಅಣ್ಣ ಏಳು ತಿಂಗಳಲ್ಲೇ ಸೋಂಕಿನಿಂದ ತೀರಿಕೊಂಡಿದ್ದ. ಇದು ತಾಯಿಯಿಂದ ಗಂಡುಮಕ್ಕಳಿಗೆ ಇಳಿಯುವ ಪ್ರತಿರಕ್ಷಾ ಕೊರತೆಯೆಂದು ವೈದ್ಯರು ಆಗಲೇ ಗುರುತಿಸಿದ್ದರಿಂದ, ಡೇವಿಡ್ ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಅವನನ್ನು ಕ್ರಿಮಿರಹಿತವಾದ ಪ್ಲಾಸ್ಟಿಕ್ ಗೂಡಿನೊಳಗೆ ಇರಿಸಿದರು. ಗಾಳಿ, ನೀರು, ಬಟ್ಟೆ, ಆಟಿಕೆ ಎಲ್ಲವೂ ಶುದ್ಧಗೊಂಡೇ ಒಳಹೋಗಬೇಕಿತ್ತು. ತಾಯಿ ಅವನನ್ನು ಮುಟ್ಟಿದ್ದು ಗೂಡಿನ ಗೋಡೆಗೆ ಹೊಲಿದ ಕೈಗವಸಿನ ಮೂಲಕ. ಓದು, ಬರಹ, ಆಟ ಎಲ್ಲವೂ ಅಲ್ಲೇ. 1983ರ ಅಕ್ಟೋಬರಿನಲ್ಲಿ ಅಕ್ಕನ ಅಸ್ಥಿಮಜ್ಜೆಯನ್ನು ಅವನಿಗೆ ಕೊಟ್ಟರು. ಅದರೊಳಗೆ ಸಾಮಾನ್ಯ ಜನರಲ್ಲಿ ತೆಪ್ಪಗೆ ಅಡಗಿರುವ ಎಪ್‌ಸ್ಟೈನ್-ಬಾರ್ ಎಂಬ ವೈರಸ್ ಇತ್ತು. ಅದನ್ನು ಹಿಡಿದು ನಿಲ್ಲಿಸುವ ಟಿ ಕೋಶಗಳಿಲ್ಲದ ಮೈಯಲ್ಲಿ ಅದು ಕ್ಯಾನ್ಸರಾಗಿ ಬೆಳೆಯಿತು. 1984ರ ಫೆಬ್ರವರಿ 22ರಂದು, ಹನ್ನೆರಡರ ವಯಸ್ಸಿನಲ್ಲಿ ಡೇವಿಡ್ ತೀರಿಕೊಂಡ. ಗಾಮಾ ಸರಪಳಿಯ ಜೀನೇ ಈ ರೋಗದ ಮೂಲವೆಂದು ಗೊತ್ತಾದದ್ದು 1993ರಲ್ಲಿ. ಅವನ ಥೈಮಸ್ಸಿಗೆ ಇಂಟರ್‌ಲ್ಯೂಕಿನ್-7 ಬೇಕಾದಷ್ಟಿತ್ತು; ಕೇಳುವ ಕಿವಿ ಇರಲಿಲ್ಲ. ಈ ಮಗುವಿನ ಪ್ರಸಂಗಕ್ಕೆ ಕೊನೆಯಲ್ಲಿ ಮತ್ತೆ ಬರಬೇಕಾಗುತ್ತದೆ, ಏಕೆಂದರೆ ಅದರಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ವಿಷಯವಿದೆ.

ಕುಲ ನಿರ್ಧಾರವಾಗಿ, ಅನ್ನ ದೊರೆತ ಮೇಲೆ ಟಿ ಕೋಶ ತನ್ನದೇ ಗ್ರಾಹಕವನ್ನು ಕಟ್ಟಿಕೊಳ್ಳಬೇಕು. ಮುಂದೆ ಹುಟ್ಟಬಹುದಾದ ವೈರಸ್ಸುಗಳ ಪಟ್ಟಿ ಯಾರ ಬಳಿಯೂ ಇಲ್ಲವಷ್ಟೆ. ಆದ್ದರಿಂದ ಪ್ರಕೃತಿ ಜೂಜಾಡುತ್ತದೆ. ಪ್ರತಿಯೊಂದು ಕೋಶವೂ ಜೀನಿನ ಚೂರುಗಳನ್ನು ಕವಡೆ ಎಸೆದಂತೆ ಜೋಡಿಸಿ, ಇನ್ನೊಂದರಲ್ಲಿಲ್ಲದ ಗ್ರಾಹಕವನ್ನು ತಯಾರಿಸುತ್ತದೆ. ಜೋಡಣೆ ಅರ್ಥವುಳ್ಳದ್ದಾಗುವ ಸಂಭವ ಮೂರರಲ್ಲಿ ಒಂದು. ಮೊದಲ ಅರ್ಧ ಸರಿಯಾಗಿ ಕೂಡಿಬಂದಿದೆಯೇ ಎಂದು ಪರೀಕ್ಷಿಸಲು ಅದಕ್ಕೆ ತಾತ್ಕಾಲಿಕವಾದ ಇನ್ನೊಂದು ಅರ್ಧವನ್ನು ಕಟ್ಟಿ ಸಂಜ್ಞೆ ಹೊರಡುತ್ತದೆಯೇ ಎಂದು ನೋಡಲಾಗುತ್ತದೆ. ಹೊರಟರೆ ಕೋಶ ವಿಭಜನೆಗೊಂಡು ಬೆಳೆಯುತ್ತದೆ, ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಈ ಹಂತದ ವಿವರಗಳನ್ನು ಇಲ್ಲಿಗೇ ಬಿಡೋಣ, ಮುಂದಿನದು ಹೆಚ್ಚು ಸ್ವಾರಸ್ಯವಾದುದು.

ಜೂಜಿನಲ್ಲಿ ಎದ್ದುಬಂದ ಗ್ರಾಹಕ ಮೂರು ಬಗೆಯಾಗಬಹುದು. ಯಾವುದಕ್ಕೂ ಹೊಂದದ ನಿಷ್ಪ್ರಯೋಜಕ ಗ್ರಾಹಕ. ನಮ್ಮ ದೇಹವನ್ನೇ ಶತ್ರುವೆಂದು ಬಗೆಯುವ ಅಪಾಯಕಾರಿ ಗ್ರಾಹಕ. ಉಪಯೋಗಕ್ಕೆ ಬರಬಹುದಾದ ಗ್ರಾಹಕ. ಇವುಗಳನ್ನು ಬೇರ್ಪಡಿಸುವುದು ಹೇಗೆ? ಟಿ ಕೋಶ ವೈರಸ್ಸನ್ನು ನೇರವಾಗಿ ನೋಡುವುದಿಲ್ಲ. ನಮ್ಮ ಕೋಶಗಳು ತಮ್ಮೊಳಗಿನ ಪ್ರೋಟೀನುಗಳ ಚೂರುಗಳನ್ನು ಎಂಎಚ್‌ಸಿ ಎಂಬ ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತಿರುತ್ತವೆ. ಟಿ ಕೋಶ ಆ ತಟ್ಟೆಯನ್ನೂ ಅದರೊಳಗಿನ ಚೂರನ್ನೂ ಕೂಡಿಯೇ ಗುರುತಿಸುತ್ತದೆ. 1970ರ ದಶಕದಲ್ಲಿ ಇದನ್ನು ಕಂಡುಹಿಡಿದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಬಂತು. ಥೈಮಸ್ಸಿನಲ್ಲಿ ತಟ್ಟೆಗಳ ಮೇಲಿರುವುದೆಲ್ಲ ನಮ್ಮ ಸ್ವಂತ ದೇಹದ ಚೂರುಗಳೇ. ಎಳೆಯ ಕೋಶಗಳು ಒಂದೊಂದೇ ತಟ್ಟೆಯನ್ನು ಮುಟ್ಟುತ್ತ ಸಾಗುತ್ತವೆ. ತಟ್ಟೆಯನ್ನು ಗುರುತಿಸಲಾರದ ಕೋಶಕ್ಕೆ ಸಂಜ್ಞೆಯೇ ಬರುವುದಿಲ್ಲ. ಮೂರು ನಾಲ್ಕು ದಿನಗಳಲ್ಲಿ ಅದು ಸಾಯುತ್ತದೆ. ಬಿಗಿಯಾಗಿ ಅಪ್ಪಿಕೊಂಡ ಕೋಶಕ್ಕೆ ಬಲವಾದ ಸಂಜ್ಞೆ ಬರುತ್ತದೆ, ಅದೂ ಸಾಯುತ್ತದೆ. ಮೆಲ್ಲನೆ ಮುಟ್ಟಿ ಮೆಲುವಾದ ಸಂಜ್ಞೆಯನ್ನು ಪಡೆದ ಕೋಶ ಮಾತ್ರ ಬದುಕುತ್ತದೆ.

ಇದು ಕೇವಲ ಊಹೆಯಲ್ಲ. 1988ರಲ್ಲಿ ಪಾವೆಲ್ ಕಿಸಿಯೆಲೋ, ಹರಾಲ್ಡ್ ಫಾನ್ ಬೋಮರ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ನನಗೆ ಈ ಶಾಸ್ತ್ರದಲ್ಲೇ ಅತ್ಯಂತ ಚೆಲುವಾದುದೆಂದು ತೋರುತ್ತದೆ. ಗಂಡು ಇಲಿಗಳ ದೇಹದಲ್ಲಿ ಮಾತ್ರ ಇರುವ, ಹೆಣ್ಣಿನಲ್ಲಿಲ್ಲದ ಒಂದು ಪ್ರೋಟೀನ್ ಚೂರಿದೆ. ಅದನ್ನು ಗುರುತಿಸುವ ಒಂದೇ ಒಂದು ಗ್ರಾಹಕವನ್ನು ಎಲ್ಲ ಟಿ ಕೋಶಗಳಿಗೂ ಕೊಟ್ಟು ಇಲಿಗಳನ್ನು ಬೆಳೆಸಿದರು. ಗಂಡು, ಹೆಣ್ಣು ಎರಡಕ್ಕೂ ಅದೇ ಗ್ರಾಹಕ. ಹೆಣ್ಣಿಲಿಗಳಲ್ಲಿ ಕೋಶಗಳು ಸುಸೂತ್ರವಾಗಿ ಬೆಳೆದು ಹೊರಬಂದವು. ಗಂಡಿಲಿಗಳ ಥೈಮಸ್ಸಿನಲ್ಲಿ ಅವೇ ಕೋಶಗಳು ಬಹುಪಾಲು ನಾಶವಾದವು. ಗ್ರಾಹಕ ಬದಲಾಗಲಿಲ್ಲ, ಎದುರಿಗಿದ್ದ ತಟ್ಟೆಯಲ್ಲೇನಿತ್ತು ಎಂಬುದಷ್ಟೇ ಬದಲಾಯಿತು. ಒಂದು ಮೈಯಲ್ಲಿ ತೇರ್ಗಡೆಯಾದ ಕೋಶ ಇನ್ನೊಂದು ಮೈಯಲ್ಲಿ ಬದುಕಬಾರದ ಕೋಶವಾಯಿತು.

ಒಂದೇ ಗ್ರಾಹಕದಿಂದ ಹೊರಟ ಸಂಜ್ಞೆ ಬದುಕನ್ನೂ ಸಾವನ್ನೂ ಹೇಗೆ ಹೇಳುತ್ತದೆ? ಗ್ರಾಹಕದ ಒಳಗೆ ಲಿಕ್ ಎಂಬ ಕಿಣ್ವ ಮೊದಲು ಎಚ್ಚರಗೊಳ್ಳುತ್ತದೆ. ಅದು ಜ್ಯಾಪ್-70 ಎಂಬ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ. ಅಲ್ಲಿಂದ ದಾರಿ ಕವಲೊಡೆದು, ಒಂದು ಕವಲು ಕೋಶದೊಳಗೆ ಕ್ಯಾಲ್ಸಿಯಂ ಮಟ್ಟವನ್ನು ಏರಿಸುತ್ತದೆ, ಇನ್ನೊಂದು ಎರ್ಕ್ ಎಂಬ ಕಿಣ್ವವನ್ನು ಚಾಲನೆಗೊಳಿಸುತ್ತದೆ. ಎರ್ಕ್ ಮೆಲುವಾಗಿ ಎದ್ದು ಬಹಳ ಹೊತ್ತು ಉರಿದರೆ ಕೋಶ ಉಳಿಯುವ ಕಡೆಗೆ ತಿರುಗುತ್ತದೆ. ಥಟ್ಟನೆ ಭುಗಿಲೆದ್ದು ಆರಿದರೆ ಸಾಯುವ ಕಡೆಗೆ. ಕಿಣ್ವಗಳು ಅವೇ, ಉರಿಯ ಬಗೆ ಮಾತ್ರ ಬೇರೆ. ಪಾಕದ ಹೋಲಿಕೆಯನ್ನು ಮೊದಲಿಗೆ ಹೇಳಿದ್ದು ಇದಕ್ಕಾಗಿ.

ಉಳಿದ ಕೋಶ ಇನ್ನೊಂದು ತೀರ್ಮಾನವನ್ನು ಕಾಯಬೇಕು. ಅದುವರೆಗೆ ಅದರ ಮೈಮೇಲೆ ಸಿಡಿ4, ಸಿಡಿ8 ಎಂಬ ಎರಡು ಗುರುತುಗಳೂ ಇರುತ್ತವೆ, ಒಂದನ್ನು ಕಳಚಬೇಕು. ಸಿಡಿ4 ಉಳಿಸಿಕೊಂಡದ್ದು ಇತರ ಕೋಶಗಳಿಗೆ ನೆರವು ನೀಡುವ ಸಹಾಯಕ ಕೋಶವಾಗುತ್ತದೆ. ಸಿಡಿ8 ಉಳಿಸಿಕೊಂಡದ್ದು ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವಂಥದಾಗುತ್ತದೆ. ಎಚ್‌ಐವಿ ಸೋಂಕಿನಲ್ಲಿ ಕಡಿಮೆಯಾಗುವುದೆಂದು ಎಣಿಸಿ ನೋಡುವುದು ಈ ಸಿಡಿ4 ಕೋಶಗಳನ್ನೇ. ಇಲ್ಲಿ ಶಾಲೆಯ ಗಂಟೆಯ ಮಾತು ಅಕ್ಷರಶಃ ಸಲ್ಲುತ್ತದೆ. ಈ ಹಂತದಲ್ಲಿ ಕೋಶ ಮೊದಲು ಸಿಡಿ8ನ್ನು ತಗ್ಗಿಸಿ ಕಾದು ನೋಡುತ್ತದೆ. ಸಂಜ್ಞೆ ಎಡೆಬಿಡದೆ ಮುಂದುವರಿದರೆ ಅದರ ಗ್ರಾಹಕ ಸಿಡಿ4ರ ಜತೆಗಾರನೆಂದು ಅರ್ಥ. ನಡುವೆ ಕಡಿದುಹೋದರೆ ಸಿಡಿ8ರ ಜತೆಗಾರ. ಈ ಕಿಣ್ವಗಳಲ್ಲಿ ಒಂದಾದ ಜ್ಯಾಪ್-70 ಇಲ್ಲದೆ ಹುಟ್ಟುವ ಮಕ್ಕಳೂ ಇದ್ದಾರೆ. ಅವರ ರಕ್ತದಲ್ಲಿ ಸಿಡಿ8 ಕೋಶಗಳು ಇಲ್ಲವೆನ್ನುವಷ್ಟು ಕಡಿಮೆ. ಸಿಡಿ4 ಕೋಶಗಳು ಎಣಿಕೆಗೆ ಇರುತ್ತವೆ, ಕೆಲಸಕ್ಕೆ ಬರುವುದಿಲ್ಲ.

ಥೈಮಸ್ಸನ್ನು ಪಾಠಶಾಲೆಗೆ ಹೋಲಿಸುವುದು ರೂಢಿ. ಈ ಅಂಕಣದ ತಲೆಬರಹವೂ ಅದನ್ನೇ ಮಾಡಿದೆ. ಆದರೆ ಇಂಥ ಶಾಲೆಗೆ ಯಾವ ತಂದೆತಾಯಿಯೂ ಮಗುವನ್ನು ಕಳುಹಿಸಲಾರರು. ಎಳೆಯ ಇಲಿಯ ಥೈಮಸ್ಸಿನಲ್ಲಿ ದಿನವೊಂದಕ್ಕೆ ಸುಮಾರು 5 ಕೋಟಿ ಕೋಶಗಳು ಹುಟ್ಟುತ್ತವೆ. ಹೊರಗೆ ಬರುವುದು 10ರಿಂದ 20 ಲಕ್ಷ. ಉಳಿದವೆಲ್ಲ ಅಲ್ಲೇ ಸತ್ತು, ಅಲ್ಲೇ ಇರುವ ಭಕ್ಷಕ ಕೋಶಗಳಿಗೆ ಆಹಾರವಾಗುತ್ತವೆ.

ಓದುಗರಲ್ಲಿ ಯಾರಿಗಾದರೂ ಇಷ್ಟರಲ್ಲಿ ಒಂದು ಸಂದೇಹ ಬಂದಿರಬೇಕು. ಎದೆಯ ಮೂಲೆಯಲ್ಲಿರುವ ಥೈಮಸ್ಸಿನಲ್ಲಿ ಮೇದೋಜೀರಕದ ಇನ್ಸುಲಿನ್ ಎಲ್ಲಿಂದ ಬರಬೇಕು? ಕಣ್ಣಿನ, ಥೈರಾಯ್ಡಿನ ಪ್ರೋಟೀನುಗಳು ಎಲ್ಲಿಂದ? ಅವುಗಳನ್ನು ಕಾಣದೆ ಹೊರಬಂದ ಟಿ ಕೋಶ ನಾಳೆ ಅವುಗಳ ಮೇಲೆಯೇ ಬೀಳುವುದಿಲ್ಲವೇ? ವಿಜ್ಞಾನಿಗಳಿಗೂ ಬಹುಕಾಲ ಇದೇ ಸಂದೇಹವಿತ್ತು. ಉತ್ತರ ಸಿಕ್ಕಿದ್ದು ಫಿನ್ಲೆಂಡಿನಲ್ಲಿ ಹೆಚ್ಚಾಗಿ ಕಾಣುವ ಒಂದು ಅಪರೂಪದ ಕೌಟುಂಬಿಕ ಕಾಯಿಲೆಯಿಂದ. ಅದರಲ್ಲಿ ಸ್ವಂತ ಟಿ ಕೋಶಗಳೇ ಒಂದಾದ ಮೇಲೊಂದು ಗ್ರಂಥಿಯನ್ನು ಹಾಳುಮಾಡುತ್ತವೆ. 1997ರಲ್ಲಿ ಅದಕ್ಕೆ ಕಾರಣವಾದ ಜೀನು ದೊರೆಯಿತು. ಅದಕ್ಕೆ ಏರ್ ಎಂದು ಹೆಸರು. ಥೈಮಸ್ಸಿನ ಒಳತಿರುಳಿನ ಕೋಶಗಳಲ್ಲಿ ಈ ಏರ್ ಪ್ರೋಟೀನು ದೇಹದ ಬೇರೆಬೇರೆ ಅಂಗಗಳಿಗೆ ಸೇರಿದ ಸಾವಿರಾರು ಜೀನುಗಳನ್ನು ಸ್ವಲ್ಪ ಸ್ವಲ್ಪವಾಗಿ ತೆರೆದು, ಅವುಗಳ ಚೂರುಗಳನ್ನು ತಟ್ಟೆಯ ಮೇಲಿಡುತ್ತದೆಂದು 2002ರಲ್ಲಿ ಗೊತ್ತಾಯಿತು. ಜಾತ್ರೆಯ ವಸ್ತುಪ್ರದರ್ಶನದಂತೆ ಇಡೀ ದೇಹವೇ ಅಲ್ಲಿ ಮಾದರಿಯಾಗಿ ಹರಡಿಕೊಂಡಿದೆ. ಅದನ್ನು ಅಪ್ಪಿಕೊಂಡ ಕೋಶ ಅಲ್ಲೇ ಉಳಿದುಹೋಗುತ್ತದೆ.

ಆದರೂ ಜರಡಿಯಿಂದ ಕೆಲವು ತಪ್ಪಿಸಿಕೊಳ್ಳುತ್ತವೆ. ಜಪಾನಿನ ಶಿಮೊನ್ ಸಕಾಗುಚಿ ಅವರ ಸಂಶೋಧನೆ ಇದಕ್ಕೆ ಸಂಬಂಧಿಸಿದ್ದು. ಹುಟ್ಟಿದ ಮೂರನೆಯ ದಿನ ಇಲಿಮರಿಯ ಥೈಮಸ್ಸನ್ನು ತೆಗೆದರೆ ಅದರ ಪ್ರತಿರಕ್ಷೆ ಕುಂದುವ ಬದಲು ಕೆರಳಿ ಸ್ವಂತ ಅಂಗಗಳನ್ನೇ ತಿನ್ನುತ್ತದೆ. ಅಂದರೆ ಥೈಮಸ್ಸಿನಿಂದ ಕೆರಳಿಸುವ ಕೋಶಗಳಷ್ಟೇ ಅಲ್ಲ, ತಣಿಸುವ ಕೋಶಗಳೂ ಹೊರಬರುತ್ತಿರಬೇಕು. 1995ರಲ್ಲಿ ಅವರು ಆ ಕೋಶಗಳನ್ನು ಗುರುತಿಸಿದರು. ಇಂಥ ಮಾತಿಗೆ ಆಗ ಮನ್ನಣೆ ಕಡಿಮೆಯಿತ್ತು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರು ಹುರುಪೆಯೇಳುವ ಚರ್ಮದ ಒಂದು ರೋಗಿಷ್ಠ ಇಲಿತಳಿಯಲ್ಲಿ ಕೆಟ್ಟಿದ್ದ ಜೀನನ್ನು ಹುಡುಕಿ ತೆಗೆದರು. ಅದರ ಹೆಸರು ಫಾಕ್ಸ್‌ಪಿ3. ಅದೇ ಜೀನು ಕೆಟ್ಟ ಗಂಡುಮಕ್ಕಳಿಗೆ ಎಳವೆಯಲ್ಲೇ ಕರುಳಿನ ಬೇನೆ, ಮಧುಮೇಹ, ಚರ್ಮರೋಗಗಳು ಒಟ್ಟಾಗಿ ಬರುತ್ತವೆ. ತಣಿಸುವ ಕೋಶಗಳನ್ನು ಆಳುವುದು ಈ ಫಾಕ್ಸ್‌ಪಿ3 ಎಂದು 2003ರಲ್ಲಿ ಎರಡೂ ಎಳೆಗಳು ಕೂಡಿದವು. 2025ರ ನೊಬೆಲ್ ಬಂದದ್ದು ಈ ಮೂವರಿಗೆ. ನಮ್ಮ ವಿಷಯಕ್ಕೆ ಮುಖ್ಯವಾದುದೇನೆಂದರೆ, ಥೈಮಸ್ಸಿನಲ್ಲಿ ಈ ತಣಿಸುವ ಕೋಶಗಳಾಗುವುದು ಸ್ವಂತ ದೇಹದ ಚೂರನ್ನು ಸ್ವಲ್ಪ ಗಟ್ಟಿಯಾಗಿಯೇ ಹಿಡಿದ ಕೋಶಗಳು. ಬದುಕಿನ ಮೆಲುದನಿಗೂ ಸಾವಿನ ಗಟ್ಟಿದನಿಗೂ ನಡುವೆ ಒಂದು ಇಕ್ಕಟ್ಟಾದ ಎಡೆಯಿದೆ. ಅಲ್ಲಿ ನಿಂತವು ಕಾವಲುಗಾರರಾಗುತ್ತವೆ.

ಈಗ ಪುಡಿ, ಪಾನಕಗಳ ಮಾತಿಗೆ ಬರೋಣ. ಇಷ್ಟು ಹದಗಳಲ್ಲಿ ಯಾವ ಹದವನ್ನು ಅವು ‘ಹೆಚ್ಚಿಸುತ್ತವೆ’ ಎಂದು ಮಾರುವವರನ್ನು ಕೇಳಬೇಕು. ನಾಚ್ ಹೆಚ್ಚಿದರೆ ಕ್ಯಾನ್ಸರ್. ಟಿ ಕೋಶದ ಕೆರಳಿಕೆ ಹೆಚ್ಚಿದರೆ ಸ್ವಂತ ಅಂಗಕ್ಕೆ ಹಾನಿ. ಎಳೆಯ ಮಕ್ಕಳ ಥೈಮಸ್ಸಿಗೆ ನಿಜವಾಗಿ ಬೇಕಾದುದು ಸಾಕಷ್ಟು ಊಟ. ಅಪೌಷ್ಟಿಕತೆಯಿಂದ ಸೊರಗಿದ ಮಕ್ಕಳಲ್ಲಿ ಈ ಗ್ರಂಥಿ ಕುಗ್ಗಿಹೋಗುತ್ತದೆಂಬುದು ವೈದ್ಯರಿಗೆ ಬಹಳ ಹಿಂದಿನಿಂದ ತಿಳಿದ ಸಂಗತಿ. ಆ ಡಬ್ಬಿಯ ಹಣಕ್ಕೆ ಮೊಟ್ಟೆ, ಬೇಳೆ, ಮೀನು ಬರುತ್ತದೆ.

ಡೇವಿಡ್ ವೆಟರನ ವಿಷಯಕ್ಕೆ ಮರಳುವುದಾಗಿ ಹೇಳಿದ್ದೆನಲ್ಲ. ಅವನಿಗಿದ್ದಂಥ ತೀವ್ರ ಸಂಯುಕ್ತ ಪ್ರತಿರಕ್ಷಾ ಕೊರತೆ ಅಮೆರಿಕದ ಲೆಕ್ಕದಂತೆ ಸುಮಾರು 58,000 ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಗಾಮಾ ಸರಪಳಿಯ ದೋಷ ಗಂಡುಮಕ್ಕಳಿಗೆ ಮಾತ್ರ ಬರುತ್ತದೆ. ಜ್ಯಾಕ್-3ರಂಥ ಇತರ ಜೀನುಗಳ ದೋಷ ಹೆಣ್ಣಿಗೂ ಗಂಡಿಗೂ ಬರಬಹುದು, ಆದರೆ ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ. ಆದುದರಿಂದ ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ನಡೆಯುವ ಮನೆತನಗಳಲ್ಲಿ ಇದರ ಸಂಭವ ಹೆಚ್ಚು. ಇದನ್ನು ಯಾರನ್ನೂ ನೋಯಿಸಲು ಹೇಳುತ್ತಿಲ್ಲ. ನಮ್ಮಲ್ಲಿ ಅಂಥ ಮದುವೆಗಳು ಸಾಮಾನ್ಯವಾದುದರಿಂದ ಹೇಳಬೇಕಾಗಿದೆ.

ಅಮೆರಿಕದ ಎಲ್ಲ ರಾಜ್ಯಗಳಲ್ಲಿ ಇಂದು ಪ್ರತಿಯೊಂದು ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಲ್ಲಿ ಈ ರೋಗವನ್ನು ಹುಡುಕುತ್ತಾರೆ. ಟಿ ಕೋಶ ಗ್ರಾಹಕವನ್ನು ಜೋಡಿಸುವಾಗ ಕತ್ತರಿಸಿ ಬಿಸುಟ ಡಿಎನ್‌ಎ ತುಣುಕು ಬಳೆಯಂತೆ ಸುತ್ತಿಕೊಂಡು ಕೋಶದಲ್ಲೇ ಉಳಿಯುತ್ತದೆ. ಆ ಬಳೆಗಳನ್ನು ಎಣಿಸಿದರೆ ಥೈಮಸ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುತ್ತದೆ. ಬೇಗನೆ ತಿಳಿದರೆ ಫಲ ದೊಡ್ಡದು: ಮೂರೂವರೆ ತಿಂಗಳ ಒಳಗೆ ಅಸ್ಥಿಮಜ್ಜೆಯ ಮೂಲಕೋಶಗಳ ಕಸಿಯಾದ ಶಿಶುಗಳಲ್ಲಿ ಶೇಕಡಾ 94 ಮಂದಿ ಐದು ವರ್ಷಗಳ ಬಳಿಕ ಬದುಕಿದ್ದರೆಂದು 2014ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೊಂದು ಹೇಳಿದೆ. ನಮ್ಮ ದೇಶದಲ್ಲಿ ಎಲ್ಲ ಶಿಶುಗಳಿಗೂ ಈ ಪರೀಕ್ಷೆ ನಡೆಯುವ ಏರ್ಪಾಡಿಲ್ಲ. ಹಾಗಾಗಿ ಗುರುತಿಸುವ ಹೊಣೆ ಬಹುಮಟ್ಟಿಗೆ ಮನೆಯವರ ನೆನಪಿನ ಮೇಲೆ ಬೀಳುತ್ತದೆ.

ಮನೆಯಲ್ಲಿ, ವಿಶೇಷವಾಗಿ ತಾಯಿಯ ಕಡೆಯಲ್ಲಿ, ಮೊದಲ ವರ್ಷದೊಳಗೆ ಸೋಂಕಿನಿಂದ ತೀರಿಕೊಂಡ ಶಿಶುಗಳಿದ್ದರೆ ಆ ಸಂಗತಿಯನ್ನು ಮುಂದಿನ ಮಗು ಹುಟ್ಟುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಕಾರಣವಿದೆ. ನಮ್ಮಲ್ಲಿ ಹುಟ್ಟಿದೊಡನೆ ಕೊಡುವ ಬಿಸಿಜಿ, ಬಾಯಿಯ ಮೂಲಕ ಕೊಡುವ ಪೋಲಿಯೋ ಮತ್ತು ರೋಟಾವೈರಸ್ ಲಸಿಕೆಗಳಲ್ಲಿ ಬಲಗುಂದಿಸಿದ ಜೀವಂತ ಕ್ರಿಮಿಗಳಿರುತ್ತವೆ. ಟಿ ಕೋಶವಿರುವ ಮಗುವಿಗೆ ಇವು ರಕ್ಷೆ, ತಪ್ಪದೆ ಹಾಕಿಸಲೇಬೇಕು. ಈ ಮಾತಿನಲ್ಲಿ ಯಾರಿಗೂ ಸಂದೇಹ ಬೇಡ. ಟಿ ಕೋಶವೇ ಇಲ್ಲದ ಆ ಅಪರೂಪದ ಮಗುವಿನಲ್ಲಿ ಮಾತ್ರ ಬಲಗುಂದಿದ ಕ್ರಿಮಿಯೂ ಮೈತುಂಬ ಹರಡಬಲ್ಲದು. ಕುಟುಂಬದಲ್ಲಿ ಅಂಥ ಸಾವು ನಡೆದಿದ್ದರೆ ರಕ್ತ ಪರೀಕ್ಷೆಯ ಫಲ ಬರುವ ತನಕ ವೈದ್ಯರು ಆ ಲಸಿಕೆಗಳನ್ನು ತಡೆಹಿಡಿಯುತ್ತಾರೆ. ಹಳೆಯ ಸಾವುಗಳನ್ನು ಬಾಣಂತಿಯ ಮುಂದೆ ಎತ್ತಬಾರದೆಂಬ ಹಿರಿಯರ ಎಚ್ಚರಿಕೆ ಅರ್ಥವಾಗುವಂಥದು. ಅಂಥಲ್ಲಿ ಅಜ್ಜಿಯೋ ದೊಡ್ಡಮ್ಮನೋ ವೈದ್ಯರನ್ನು ಬೇರೆಯಾಗಿ ಕಂಡು ಹೇಳಬಹುದು.

ಕುಟುಂಬದಲ್ಲಿ ಅಂಥದೇನೂ ಇಲ್ಲದಿದ್ದರೂ ಗಮನಿಸಬೇಕಾದ ಲಕ್ಷಣಗಳಿವೆ: ಮೊದಲ ಕೆಲವು ತಿಂಗಳಲ್ಲೇ ಮತ್ತೆ ಮತ್ತೆ ಬರುವ ನ್ಯುಮೋನಿಯಾ, ಔಷಧಿ ಹಚ್ಚಿದರೂ ಹೋಗದ ಬಾಯಿಯ ಬಿಳಿ ಹುಣ್ಣು, ನಿಲ್ಲದ ಭೇದಿ, ಏರದ ತೂಕ. ಇಂಥ ಶಿಶುವಿಗೆ ಮೊದಲು ಬೇಕಾದುದು ದುಬಾರಿ ಪರೀಕ್ಷೆಯಲ್ಲ. ಎಲ್ಲ ಊರುಗಳಲ್ಲೂ ನಡೆಯುವ ಸಾಮಾನ್ಯ ರಕ್ತಕಣ ಎಣಿಕೆಯಲ್ಲಿ ಲಿಂಫೋಸೈಟುಗಳ ಒಟ್ಟು ಸಂಖ್ಯೆಯನ್ನು ನೋಡಿದರೆ ಸುಳಿವು ಸಿಗುತ್ತದೆ. ಒಂದೇ ಒಂದು ಎಚ್ಚರಿಕೆ: ಪ್ರಯೋಗಾಲಯದ ಚೀಟಿಯಲ್ಲಿ ಅಚ್ಚಾಗಿರುವ ಸಹಜ ಮಿತಿ ಹಲವು ಸಲ ದೊಡ್ಡವರದು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 2,000 ಲಿಂಫೋಸೈಟುಗಳಿದ್ದರೆ ದೊಡ್ಡವರಿಗೆ ಅದು ಸರಿಯಾದ ಸಂಖ್ಯೆ. ಎಳೆಯ ಶಿಶುವಿನಲ್ಲಿ 3,000ಕ್ಕಿಂತ ಕಡಿಮೆಯಾದರೆ ಅದನ್ನು ಮಕ್ಕಳ ವೈದ್ಯರಿಗೆ ತೋರಿಸಿ ಕೇಳಲೇಬೇಕು.